ನಟ್ಟನಡುವಿನ ಬೈತಲೆ

ನಿರ್ದೇಶಕ ಬನ್ಸಿ "ಕಟ್" ಎನ್ನುವುದಕ್ಕೆ ಒಂದು ಗಳಿಗೆ ಮೊದಲೇ ಐರೀನ್ ಚಾದರ ಬಿಚ್ಚಿ ಹಿಡಿದು ಓಡಿಬಿಟ್ಟಿದ್ದಳು. ಬಾವಿಕಟ್ಟೆಯ ಮೇಲೆ ಒದ್ದೆ ಸೀರೆಯಲ್ಲಿ ನಡುಗುತ್ತ ನಿಂತಿದ್ದ ಹುಡುಗಿಯನ್ನು ಅದರಲ್ಲಿ ಸುತ್ತಿ, ಕೊರಳಿನಿಂದ ಪಾದದವರೆಗೆ ಮುಚ್ಚಿ, ತನ್ನ ಎದೆಗೆ ಒತ್ತಿಕೊಂಡ ಮೇಲೆ ಹಿಂದಿನಿಂದ ಕೂಗು ಬಂತು.

"ಆಂಟೀ! ಚಾದರ ಫ್ರೇಮಿನೊಳಗೆ ಬಂತು! ನಾನಿನ್ನೂ ಕಟ್ ಅಂದಿರ್ಲಿಲ್ಲ!"

"ಅಂದ ಹಾಗಿತ್ತಪ್ಪ. ಕಿವಿ ಮಂದ ಆಗ್ತಾ ಬಂತು ನಂಗೆ."

ಐರೀನಳ ಕಿವಿಗೆ ಯಾವ ರೋಗವೂ ಇರಲಿಲ್ಲ. ಮೊಣಕಾಲು ನೋಯುತ್ತಿತ್ತು, ಸೊಂಟ ಹಿಡಿಯುತ್ತಿತ್ತು, ಕಿವಿ ಮಾತ್ರ ಗಟ್ಟಿಯಾಗಿತ್ತು. ಇಂಥ ಸಿನಿಮಾಗಳ ನಿರ್ದೇಶಕರ ಬಾಯಿಗೆ "ಕಟ್" ಎನ್ನುವ ಮಾತು ಯಾವ ಶಾಟಿನಲ್ಲಿ ಬೇಗ ಬರುತ್ತದೆ, ಯಾವ ಶಾಟಿನಲ್ಲಿ ನಾಲಿಗೆಗೆ ಅಂಟಿಕೊಂಡು ಕೂರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೊಂಬಾಯಿಯ ಸಿನಿಮಾದಲ್ಲಿ ಮುಖ ಗಂಡಸರ ಕೆಲಸ, ತಲೆ ಹೆಂಗಸರ ಕೆಲಸ. ಬಣ್ಣ ಹಚ್ಚುವವನು ಗಂಡಸೇ ಆಗಬೇಕು, ಕೂದಲು ಕಟ್ಟುವವಳು ಹೆಂಗಸೇ ಆಗಬೇಕು ಎಂದು ಸಂಘದವರು ಎಂದೋ ಗೆರೆ ಎಳೆದಿದ್ದರು. ಹಾಗಾಗಿ ಇಂಥ ಸೆಟ್ಟುಗಳಲ್ಲಿ ನಟಿಯನ್ನು ಬಿಟ್ಟರೆ ಇರುವ ಹೆಂಗಸು ಹೇರ್‌ಡ್ರೆಸ್ಸರ್ ಒಬ್ಬಳೇ. ಚಾದರ ಹಿಡಿಯುವ ಕೆಲಸ ಯಾವ ಕಾಯಿದೆಯಲ್ಲೂ ಇರಲಿಲ್ಲ. ಅದು ತಾನಾಗಿ ಅವಳ ಕೈಗೆ ಬಂದಿತ್ತು, ಬಂದದ್ದು ಅಲ್ಲೇ ಉಳಿದಿತ್ತು.

ಬಾವಿಯೆಂದರೆ ಅದೂ ನಿಜವಾದ ಬಾವಿಯಲ್ಲ. ಮಢ್ ದ್ವೀಪದ ಆ ಬಂಗಲೆಯ ಅಂಗಳದಲ್ಲಿ ಪ್ಲೈವುಡ್ಡಿನ ಸುತ್ತು ಕಟ್ಟಿ, ಕಲ್ಲಿನ ಬಣ್ಣ ಬಳಿದು, ಒಳಗೆ ಹಳೆಯ ಹಾಸಿಗೆ ಹಾಕಿದ್ದರು. 'ಬಾವಡಿ ಕೀ ದುಲ್ಹನ್' ಎಂಬ ಆ ಚಿತ್ರದ ಮದುಮಗಳು ದೆವ್ವವಾಗಿ ಅದರಿಂದ ಎದ್ದು ಬರಬೇಕು, ಬಂದಾಗಲೆಲ್ಲ ಒದ್ದೆಯಾಗಿರಬೇಕು. ದೆವ್ವಕ್ಕೆ ಯಾಕಪ್ಪ ಅಷ್ಟು ನೀರು ಎಂದು ಐರೀನ್ ಮೊದಲ ದಿನ ಕೇಳಿದ್ದಕ್ಕೆ ಬನ್ಸಿ, "ಒಣಗಿದ ದೆವ್ವಕ್ಕೆ ಟಿಕೆಟ್ ಯಾರು ತಗೋತಾರೆ ಆಂಟೀ?" ಎಂದಿದ್ದ.

ದೆವ್ವವಾಗಿದ್ದ ಹುಡುಗಿಯ ಹೆಸರು ಇಮರ್ತಿ. ಮಧ್ಯಪ್ರದೇಶದ ಬೀನಾ ಕಡೆಯವಳು. ಜಾಂಗೀರಿನಂಥ ಆ ಮಿಠಾಯಿಯ ಹೆಸರನ್ನು ಅವಳಪ್ಪ ಮುದ್ದಿಗೆ ಇಟ್ಟಿದ್ದನಂತೆ. "ಇಮರ್ತಿ ಅಂತ ಪೋಸ್ಟರ್ ಮೇಲೆ ಹಾಕಿದ್ರೆ ಜನ ಥಿಯೇಟರ್ ಬಿಟ್ಟು ಹಲ್ವಾಯಿ ಅಂಗಡಿಗೆ ಹೋಗ್ತಾರೆ," ಎಂದು ನಿರ್ಮಾಪಕ ಮಖೀಜಾ ಸೇಠ್ ಅದನ್ನು ತಾನ್ಯಾ ಎಂದು ಬದಲಿಸಿದ್ದ. ಹುಡುಗಿಯ ಹಿಂದೆ ನೆರಳಿನಂತೆ ಅವಳ ತಾಯಿ ರಾಮಕಲಿ. ಅಪ್ಪ ಸತ್ತ ಮನೆ, ಊರಲ್ಲಿ ಒಬ್ಬ ಅಣ್ಣ. ಮಗಳಿಗೆ ಸಿನಿಮಾದ ಹುಚ್ಚು ಬಿಡದ್ದನ್ನು ಕಂಡು, ಮಗನೊಂದಿಗೆ ಜಗಳ ಕಾದು, "ನನ್ನ ಕಣ್ಣಮುಂದೆಯೇ ಇರ್ತಾಳೆ" ಎಂದು ಮಾತು ಕೊಟ್ಟು ಮೀರಾ ರೋಡಿನಲ್ಲಿ ಒಂದು ಕೋಣೆ ಹಿಡಿದಿದ್ದಳು. ಸೆಟ್ಟಿನ ಮೂಲೆಯಲ್ಲಿ ಮೋಡಾ ಎಂಬ ಬೆತ್ತದ ಪೀಠದ ಮೇಲೆ ಕೂತು, ಸೆರಗು ತಲೆಯ ಮೇಲೆಳೆದುಕೊಂಡು, ದಿನವಿಡೀ ಕಣ್ಣು ಮಿಟುಕಿಸದೆ ಮಗಳನ್ನೇ ನೋಡುವಳು. ಲೈಟಿನ ಹುಡುಗರು ಅವಳಿಗೆ ಸೆನ್ಸಾರ್ ಬೋರ್ಡು ಎಂದು ಹೆಸರಿಟ್ಟಿದ್ದರು.

ಮೊದಲ ದಿನವೇ ರಾಮಕಲಿ ಬನ್ಸಿಯನ್ನು ನಿಲ್ಲಿಸಿ ಕೇಳಿದ್ದಳು. "ನೋಡಪ್ಪಾ, ಒದ್ದೆ ಸೀರೆ ಗಂಟ ಸರಿ. ಅದ್ರಾಚೆಗೆ ಒಂದು ಗೇಣೂ ಇಲ್ಲ. ಆಣೆ ಇಡು."

ಬನ್ಸಿ ಗಂಟಲು ಮುಟ್ಟಿ ಆಣೆ ಇಟ್ಟಿದ್ದ.

ಅದೇ ದಿನ ಇನ್ನೊಂದು ಸಂಗತಿಯೂ ನಡೆದಿತ್ತು. ಮದುಮಗಳೆಂದ ಮೇಲೆ ಹಣೆಗೆ ಬೈತಲೆಬೊಟ್ಟು ಬೇಕಲ್ಲ. ಐರೀನ್ ಬಾಚಣಿಗೆಯ ತುದಿಯಿಂದ ಹುಡುಗಿಯ ತಲೆಯನ್ನು ನಡುವೆ ಸೀಳಿದಳು. ಸೀಳಿದಲ್ಲಿ, ಹಣೆಯ ಅಂಚಿಗೆ, ಹುಣಿಸೆಬೀಜದಷ್ಟು ಅಗಲ ಬೋಳು ಗುರುತು. "ಅಲ್ಲಿ ಬ್ಯಾಡ ಅಕ್ಕಾ," ಎಂದು ರಾಮಕಲಿ ಎದ್ದು ಬಂದಳು. "ಸಣ್ಣೋಳಿದ್ದಾಗ ಒರಳ ಮೇಲೆ ಬಿದ್ದವ್ಳೆ. ಅಲ್ಲಿ ಕೂದ್ಲೇ ಹುಟ್ಟಾಕಿಲ್ಲ. ಇವತ್ತಿನ ಗಂಟ ನಾನು ನಡುವೆ ಬೈತಲೆ ತೆಗ್ದಿಲ್ಲ. ಓರೆಗೆ ತೆಗೀರಿ, ಮುಚ್ಕೊತದೆ." ಐರೀನ್ ಓರೆ ಬೈತಲೆ ತೆಗೆದು, ಕೂದಲನ್ನು ಗುರುತಿನ ಮೇಲೆ ಮಡಿಸಿ, ಬೈತಲೆಬೊಟ್ಟನ್ನು ಅಡ್ಡಕ್ಕೆ ಸಿಕ್ಕಿಸಿದಳು. ಆ ತಲೆಯ ಫೋಟೋ ಕನ್ನಡಿಯ ಮೂಲೆಗೆ ಅಂಟಿತು. ನಾಳೆ, ನಾಡಿದ್ದು, ಚಿತ್ರ ಮುಗಿಯುವವರೆಗೆ ತಲೆ ಹಾಗೆಯೇ ಇರಬೇಕು.

ಇವತ್ತು ಬೆಳಿಗ್ಗೆ ಕೂದಲು ಬಾಚುವಾಗ ರಾಮಕಲಿ ಕನ್ನಡಿಯೊಳಗೆ ಐರೀನಳ ಮುಖ ನೋಡುತ್ತ ಮೆಲ್ಲಗೆ ಕೇಳಿದ್ದಳು: "ಅಕ್ಕಾ, ನಮ್ ಪಕ್ಕದ ಕೋಣೆಯೋಳು ಏನೇನೋ ಅಂತಾವ್ಳೆ. ಈ ಜನ ಬೆನ್ನ ಹಿಂದೆ ಬ್ಯಾರೆ ಏನಾದ್ರೂ ಮಾಡ್ತಾರಾ?"

ಬಾಯಿ ತುಂಬ ಹೇರ್‌ಪಿನ್ನು ಕಚ್ಚಿಕೊಂಡಿದ್ದ ಐರೀನ್, "ನಾನಿದ್ದೀನಲ್ಲ," ಎಂದುಬಿಟ್ಟಳು. ಯೋಚಿಸಿ ಹೇಳಿದ ಮಾತಲ್ಲ ಅದು. ಮಕ್ಕಳಿಗೆ ಸೂಜಿ ಚುಚ್ಚುವ ಮೊದಲು ನೋಯಲ್ಲ ಎನ್ನುತ್ತಾರಲ್ಲ, ಹಾಗೆ ಬಂದಿತ್ತು. ರಾಮಕಲಿಯ ಮುಖ ಮಾತ್ರ ಅದನ್ನು ಕೇಳಿ ಸಡಿಲವಾಯಿತು.

ಮಧ್ಯಾಹ್ನ ದಾಲು, ಅನ್ನ, ಎಣ್ಣೆಯಲ್ಲಿ ಮುಳುಗಿದ ಬದನೆಕಾಯಿ ಉಂಡ ಮೇಲೆ ಬನ್ಸಿ ಎಂದಿಲ್ಲದ ಅಕ್ಕರೆಯಿಂದ ತಾಯಿ ಮಗಳ ಬಳಿ ಬಂದ. "ತಾನ್ಯಾಗೆ ಇವತ್ತು ಇಷ್ಟೇ ಅಮ್ಮಾ. ಪಾಪ, ಬೆಳಗಿಂದ ನೆನೆದಿದ್ದಾಳೆ. ಕರ್ಕೊಂಡು ಹೋಗಿ, ಬಿಸಿ ಹಾಲು ಕುಡಿಸಿ ಮಲಗಿಸಿ."

"ನೂರು ವರ್ಷ ಬಾಳು ಮಗಾ," ಎಂದಳು ರಾಮಕಲಿ. ಹೊರಡುವಾಗ ತನ್ನ ಚೀಲದಿಂದ ಒಂದು ಡಬ್ಬಿ ತೆಗೆದು ಐರೀನಳ ಕೈಗಿಟ್ಟಳು. ಬೇಸನ್ ಲಾಡು. ರಿಕ್ಷಾ ಗೇಟು ದಾಟುವವರೆಗೆ ಇಮರ್ತಿ ಹಿಂದೆ ತಿರುಗಿ ಕೈ ಬೀಸುತ್ತಲೇ ಇದ್ದಳು.

ಬೇಗ ಬಿಟ್ಟರೆಂದರೆ ಏನೆಂದು ಐರೀನಳಿಗೆ ಬನ್ಸಿ ಬಾಯಿ ಬಿಡುವ ಮೊದಲೇ ತಿಳಿದಿತ್ತು. ಆದರೂ ಬಾಚಣಿಗೆಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕುತ್ತ, ತಿಳಿಯದವಳಂತೆ ಇದ್ದಳು.

"ಪೆಟ್ಟಿಗೆ ಮುಚ್ಬೇಡಿ ಆಂಟಿ. ಜುಲೇಖಾ ಬರ್ತಿದ್ದಾಳೆ. ಹುಡುಗೀ ತಲೆ ಹೆಂಗಿದ್ಯೋ ಹಂಗೇ ಮಾಡ್ಬಿಡಿ. ಮೇಲಿನ ಬಾತ್‌ರೂಮಲ್ಲಿ ಸ್ನಾನದ ಸೀನು."

"ಅವರಮ್ಮನಿಗೆ ಆಣೆ ಇಟ್ಟಿದ್ದೆ ನೀನು."

ಬನ್ಸಿ ಅವಳ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. ನಲವತ್ತಕ್ಕೇ ಕಣ್ಣ ಕೆಳಗೆ ಚೀಲ ಬಂದಿದ್ದ ಗಂಡಸು. "ಇಟ್ಟಿದ್ದೆ. ಮುರಿದ್ನಾ? ಹುಡುಗಿಯ ಒಂದು ಕೂದಲು ಕೊಂಕಿಸಿದ್ನಾ? ಮುಖ ಅವಳದು, ಬೆನ್ನು ಜುಲೇಖಾದು. ನೋಡೋನು ಒಂದೇ ಅನ್ಕೊಂಡ್ರೆ ಅದು ಅವನ ಪಾಪ."

"ಅವಳ ಊರಲ್ಲೂ ನೋಡ್ತಾರಲ್ಲಪ್ಪ."

"ಆಂಟೀ, ಹಂಚಿಕೆದಾರ ಫೋನ್ ಎತ್ತಿದ್ರೆ ಮೊದಲ್ನೇ ಮಾತೇ 'ಆ ರೀಲು ಇದೆಯಾ?' ಅಂತ. ಇಲ್ಲ ಅಂದ್ರೆ ಮಖೀಜಾ ನನ್ನ ಜಾಗಕ್ಕೆ ಇನ್ನೊಬ್ಬನ್ನ ತರ್ತಾನೆ. ಆ ಇನ್ನೊಬ್ಬ ಆಣೆಯನ್ನೂ ಇಡಲ್ಲ, ಹುಡುಗೀನೇ ನಿಲ್ಲಿಸ್ತಾನೆ. ನಾನೇನು ಇದನ್ನ ಮಾಡೋಕೆ ಅಂತ ಲಕ್ನೋದಿಂದ ಬಂದ್ನಾ?" ಅವನು ಎದ್ದ. "ಬೇಗ ಮಾಡಿ. ಬೆಳಕು ಹೋಗುತ್ತೆ."

ಹೊಸದೇನೂ ಅಲ್ಲ. ಎಷ್ಟು ಹುಡುಗಿಯರ ಮುಖಕ್ಕೆ ಐರೀನ್ ಎಷ್ಟು ಬೆನ್ನುಗಳನ್ನು ಹೊಂದಿಸಿಕೊಟ್ಟಿದ್ದಳೋ ಲೆಕ್ಕವಿಲ್ಲ. ಅದರಲ್ಲಿ ಅವಳದು ಒಳ್ಳೆಯ ಕೈ ಎಂಬ ಹೆಸರೂ ಇತ್ತು. ಇವತ್ತು ಆ ಲಾಡಿನ ಡಬ್ಬಿ ಕನ್ನಡಿಯ ಮುಂದೆ ಕೂತು ಅವಳನ್ನು ಕೆಣಕುತ್ತಿತ್ತು. ಒಲ್ಲೆ ಎಂದು ಪೆಟ್ಟಿಗೆ ಎತ್ತಿಕೊಂಡು ಹೋಗಬಹುದು. ಹೋದರೆ ಸಂಜೆಯೊಳಗೆ ಇನ್ನೊಬ್ಬಳು ಬಂದು ಓರೆ ಬೈತಲೆಯನ್ನು ಅಚ್ಚುಕಟ್ಟಾಗಿ ತೆಗೆದು ಹೋಗುತ್ತಾಳೆ. ರಾಮಕಲಿಗೆ ಹೇಳಬಹುದು. ಹೇಳಿದರೆ ಹುಡುಗಿ ನಾಳೆ ಬರುವುದಿಲ್ಲ, ಆಗಲೇ ತೆಗೆದ ಮುಖ ಇವರ ಫಿಲ್ಮಿನ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಅತ್ತ ದರಿ ಇತ್ತ ಪುಲಿ. ಯೋಚಿಸುತ್ತ ಕೂತವಳ ಕಣ್ಣು ಕನ್ನಡಿಯ ಮೂಲೆಯ ಫೋಟೋದ ಮೇಲೆ ನಿಂತಿತು.

ಜುಲೇಖಾ ಕೆಮ್ಮುತ್ತಲೇ ಒಳಗೆ ಬಂದಳು. ಬುರ್ಖಾ ತೆಗೆದು ಮೊಳೆಗೆ ನೇತುಹಾಕಿ, ಪ್ಲಾಸ್ಟಿಕ್ ಚೀಲದಿಂದ ತನ್ನದೇ ಟವೆಲು, ತನ್ನದೇ ಸೋಪು ತೆಗೆದಿಟ್ಟು ಕುರ್ಚಿಯಲ್ಲಿ ಕೂತಳು. ವಯಸ್ಸು ಮುಖದಲ್ಲಿ ಮಾತ್ರ ಕಾಣುತ್ತಿತ್ತು. ಆ ಮುಖವನ್ನು ಯಾವ ಕ್ಯಾಮರಾವೂ ಕೇಳಿರಲಿಲ್ಲ. ಕುರ್ಲಾದ ಅವಳ ಗಲ್ಲಿಯವರಿಗೆ ಅವಳು ಯಾವುದೋ ಹಾಸ್ಟೆಲಿನ ಅಡುಗೆಯವಳು.

"ಯಾರ ಬೆನ್ನು ಇವತ್ತು?"

"ತಾನ್ಯಾ ಅಂತ."

"ಆಗಲಿ. ಮುಖ ನಂದು, ಮಿಕ್ಕಿದ್ದೆಲ್ಲಾ ಬಾಡಿಗೆಗೆ." ಜಡೆ ಬಿಚ್ಚಿದಳು. ನೀರಿಗೆ ವಿಗ್ಗು ನಿಲ್ಲುವುದಿಲ್ಲ. ಸೊಂಟದವರೆಗಿನ ಈ ಕೂದಲಿನಿಂದಲೇ ಅವಳಿಗೆ ಇನ್ನೂ ಕೆಲಸ ಸಿಗುತ್ತಿದ್ದುದು.

ಐರೀನ್ ಕೂದಲನ್ನು ಒದ್ದೆ ಮಾಡಿ ಬಾಚಿದಳು. ಬಾಚಣಿಗೆಯ ಚೂಪು ತುದಿಯನ್ನು ಮೂಗಿನ ನೇರಕ್ಕೆ ಹಣೆಯ ಮೇಲಿಟ್ಟು ನಟ್ಟನಡುವೆ ನೆತ್ತಿಯವರೆಗೆ ಎಳೆದಳು. ಓರೆಯನ್ನು ಎಡದ ಬದಲು ಬಲಕ್ಕೆ ತೆಗೆಯಬಹುದಿತ್ತು. ಆದರೆ ಎಡಿಟರ್ ಎಂಬ ಪ್ರಾಣಿ ಫಿಲ್ಮನ್ನು ತಿರುವಿ ಹಾಕಿ ಬಲವನ್ನು ಎಡ ಮಾಡಿಬಿಡುತ್ತಾನೆ. ನಡುವಿನ ಬೈತಲೆಯನ್ನು ಹೇಗೆ ತಿರುವಿದರೂ ನಡುವೆಯೇ. ಈ ತಲೆಗೆ ಆ ಹುಡುಗಿಯ ಮುಖ ಅಂಟಿಸಿದರೆ ಕುರುಡನಿಗೂ ಕಾಣಬೇಕು, ಶಾಟು ಮೂಲೆಗೆ ಬೀಳಬೇಕು. ಇದು ಅವಳ ಲೆಕ್ಕ.

ಜುಲೇಖಾ ಕನ್ನಡಿ ನೋಡಿದಳು, ಮೂಲೆಯ ಫೋಟೋ ನೋಡಿದಳು. "ಹುಡುಗೀದು ಓರೆ ಅಲ್ವಾ?"

"ಹೌದು."

"ಮರೆತ್ಯಾ?"

"ಇಲ್ಲ."

ಜುಲೇಖಾ ಟವೆಲನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಒಣದನಿಯಲ್ಲಿ ಹೇಳಿದಳು: "ಶಾಟ್ ಕೆಟ್ರೆ ಆ ತಣ್ಣೀರಲ್ಲಿ ಮತ್ತೆ ನಿಲ್ಲೋಳು ನೀನಲ್ಲ, ನಾನು. ಮೂರು ದಿನದಿಂದ ಜ್ವರ ನಂಗೆ. ನಿನ್ನ ಪುಣ್ಯಕ್ಕೆ ನನ್ನ ಎದೆ ಕಟ್ಬೇಕಾ?"

ಅದು ಐರೀನಳಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಬಾಚಣಿಗೆ ಹಿಡಿದ ಕೈ ಹಾಗೆಯೇ ನಿಂತಿತು. "ಅವಳ ತಾಯಿಗೆ ನಾನಿದ್ದೀನಿ ಅಂದ್ಬಿಟ್ಟೆ ಜುಲೇಖಾ. ಬಾಯ್ತಪ್ಪಿ ಅಂದೆ. ನೀನು ಬೇಡ ಅಂದ್ರೆ ಓರೆಗೇ ತೆಗೀತೀನಿ."

ಜುಲೇಖಾ ಕೆಮ್ಮಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡಳು. ಕನ್ನಡಿಯಲ್ಲಿ ತನ್ನ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ನನ್ನಮ್ಮಿ ಹಿಂಗೇ ತೆಗೀತಿದ್ಲು, ನಡುವೆ," ಎಂದಳು. "ಇಷ್ಟು ವರ್ಷ ನನ್ನ ಬೆನ್ನಿಗೆ ಯಾರ್ಯಾರದ್ದೋ ಹೆಸರು. ಒಂದ್ಸಲ ನಂದೇ ಆಗಿರ್ಲಿ. ಬಿಡು, ಹಂಗೇ ಇರ್ಲಿ. ಆ ಬಕೆಟ್ಟಿಗೆ ಒಂದು ಕೆಟಲ್ ಬಿಸಿನೀರು ಹಾಕಿಸು ಅಷ್ಟೇ."

ಐರೀನ್ ಒಂದಲ್ಲ, ನಾಲ್ಕು ಕೆಟಲ್ ಹಾಕಿಸಿದಳು. ಟೀ ಮಾಡುವವನ ಕೈಯಲ್ಲಿ ಬೈಸಿಕೊಂಡು ತಾನೇ ಹೊತ್ತು ತಂದಳು.

ಮೇಲಿನ ಬಾತ್‌ರೂಮು ಕಿರಿದು. ಕ್ಯಾಮರಾ, ಬನ್ಸಿ, ಇಬ್ಬರು ಲೈಟಿನವರು ತುಂಬಿದರೆ ಉಸಿರಾಡಲೂ ಜಾಗವಿಲ್ಲ. ಐರೀನ್ ಬಾಗಿಲ ಸಂದಿಯಲ್ಲಿ ಚಾದರ ಹಿಡಿದು ನಿಂತಳು. ಜುಲೇಖಾ ತಲೆ ತಗ್ಗಿಸಿ, ಕೂದಲನ್ನು ಮುಖದ ಮೇಲೆ ಇಳಿಬಿಟ್ಟು, ಬೆನ್ನು ಕೊಟ್ಟು ಕೂತಿದ್ದಳು. ನೀರು ಬಿತ್ತು. ಮೇಲಿನಿಂದ ಬಗ್ಗಿ ನೋಡುವ ಕ್ಯಾಮರಾಕ್ಕೆ ನೆತ್ತಿಯ ಮೇಲಿನ ಬೈತಲೆ ಬಿಳಿದಾರದಂತೆ ನೇರವಾಗಿ ಕಂಡಿತು.

ಕ್ಯಾಮರಾದ ಮುದುಕ ಕದಮ್ ಕಣ್ಣು ತೆಗೆದು, "ಬನ್ಸೀ, ಆ ಹುಡುಗೀದು ಓರೆ ಬೈತಲೆ ಅಲ್ಲೇನೋ?" ಎಂದ.

ಬನ್ಸಿ ಜುಲೇಖಾಳ ತಲೆ ನೋಡಿದ. ಆಮೇಲೆ ತಿರುಗಿ ಐರೀನಳನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನಿಗೆ ಎಲ್ಲವೂ ಅರ್ಥವಾಯಿತೆಂದು ಅವಳಿಗೆ ಅರ್ಥವಾಯಿತು. ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ, ಸುಸ್ತಾದವರು ನಗುವ ಹಾಗೆ ನಕ್ಕ.

"ಆಂಟೀ, ಆಂಟೀ. ಎಂಥಾ ಕಷ್ಟ ಪಟ್ರಿ. ಈ ಸೀನಲ್ಲಿ ಬೈತಲೆ ಯಾರ್ ನೋಡ್ತಾರೆ?"

ಲೈಟಿನವರು ಘೊಳ್ಳೆಂದು ನಕ್ಕರು. ಕದಮನೂ ನಕ್ಕು ಮತ್ತೆ ಕಣ್ಣು ಹಚ್ಚಿದ. ನೀರಿನ ಕೆಳಗೆ ಜುಲೇಖಾಳ ಭುಜಗಳೂ ಅಲುಗಿದವು. ನಗುವೋ ಚಳಿಯೋ ಹೇಳಲಾಗುತ್ತಿರಲಿಲ್ಲ. ಹೋಳಿಗೆ ಸುಡುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿದುಹೋಯಿತು. ಶಾಟು ಒಂದೇ ಬಾರಿಗೆ ಓಕೆಯಾಯಿತು.

ಚಾದರ ಸುತ್ತುವಾಗ ಜುಲೇಖಾ, "ನೀರು ಬೆಚ್ಚಗಿತ್ತು ಕಣೇ," ಎಂದಳು. ಸಮಾಧಾನಕ್ಕೆ ಅವಳ ಹತ್ತಿರ ಇದ್ದದ್ದು ಅಷ್ಟೇ.

ಮರುದಿನ ತಾಯಿ ಮಗಳು ಬಂದರು. ಐರೀನ್ ಹುಡುಗಿಗೆ ಓರೆ ಬೈತಲೆ ತೆಗೆದಳು. ಕನ್ನಡಿಯಲ್ಲಿ ರಾಮಕಲಿಯ ಕಣ್ಣು ತನ್ನ ಕಣ್ಣನ್ನು ಹುಡುಕಿದಾಗಲೆಲ್ಲ ಬಗ್ಗಿ ಪಿನ್ನು ಹೆಕ್ಕಿದಳು. ಹೇಳಬೇಕೆಂದುಕೊಂಡಳು. ಡಬ್ಬಿ ತೊಳೆದು ವಾಪಸು ಕೊಡುವಾಗ ಬಾಯಿವರೆಗೂ ಬಂತು. "ಲಾಡು ಚೆನ್ನಾಗಿತ್ತು," ಎಂದಳು.

ಚಿತ್ರ ಮುಗಿದು, ಮಳೆಗಾಲ ಕಳೆದು, ದೀಪಾವಳಿಯೂ ಆದ ಮೇಲೆ ಒಂದು ದಿನ ಮಲಾಡ್ ಸ್ಟೇಷನ್ನಿನ ಹೊರಗಿನ ಗೋಡೆಯಲ್ಲಿ ಪೋಸ್ಟರು ಕಂಡಿತು. ಬಾವಿಯಿಂದ ಎದ್ದ ಇಮರ್ತಿಯ ಮುಖ ಒಂದು ಕಡೆ, ಯಾರದೋ ಬೆನ್ನು ಇನ್ನೊಂದು ಕಡೆ, ಅರ್ಧದ ಮೇಲೆ ಹಲ್ಲುಪುಡಿಯ ಜಾಹೀರಾತು. ಐರೀನ್ ನಿಲ್ಲಲಿಲ್ಲ, ರೈಲಿಗೆ ಹೊತ್ತಾಗಿತ್ತು. ಅಥವಾ ಹಾಗೆಂದು ತನಗೆ ತಾನೇ ಹೇಳಿಕೊಂಡಳು.

ಅದಾದ ಕೆಲವು ವಾರಗಳಿಗೆ, ಒಂದು ಭಾನುವಾರ, ಚರ್ಚಿನ ಪೂಜೆಯಿಂದ ಬಂದು ಓರ್ಲೆಮ್ಮಿನ ತನ್ನ ಪುಟ್ಟ ಮನೆಯಲ್ಲಿ ಬೊಂಬಿಲ್ ಮೀನು ಹುರಿಯುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ರಾಮಕಲಿ. ಹಿಂದೆ, ಮೆಟ್ಟಿಲ ಮೇಲೆ, ದುಪಟ್ಟಾವನ್ನು ಹಣೆಯವರೆಗೆ ಎಳೆದುಕೊಂಡ ಇಮರ್ತಿ.

"ಮನೆ ಹುಡ್ಕೋದೇ ಕಷ್ಟ ಆಯ್ತು ಅಕ್ಕಾ," ಎಂದಳು ರಾಮಕಲಿ. "ಸಂಜೆ ಗಾಡಿಗೆ ಊರಿಗೆ ಹೊಂಟಿದ್ದೀವಿ. ಮಗ ಬಂದವ್ನೆ ಕರ್ಕೊಂಡು ಹೋಗೋಕೆ. ಇವಳ ತಲೆ ಒಸಿ ಸರಿ ಮಾಡ್ಕೊಡು. ಹಿಂಗೇ ಕರ್ಕೊಂಡು ಹೋದ್ರೆ ಇರೋ ಬಾಯ್ಗಳ ಜೊತೆಗೆ ಇನ್ನಷ್ಟು ಬಾಯಿ ತೆರಕೊತವೆ."

ಒಳಗೆ ಬಂದ ಹುಡುಗಿ ದುಪಟ್ಟಾ ಇಳಿಸಿದಳು. ಬೆನ್ನು ತುಂಬುತ್ತಿದ್ದ ಕೂದಲು ಕಿವಿಯ ಕೆಳಗೆ ಏರುಪೇರಾಗಿ ನಿಂತಿತ್ತು, ಹಸು ಮೇದ ಹುಲ್ಲಿನಂತೆ.

"ತರಕಾರಿ ಕತ್ರಿ ಆಂಟಿ. ಸರಿಯಾಗಿ ಬರ್ಲಿಲ್ಲ," ಎಂದಳು ಇಮರ್ತಿ. ನಗಲು ನೋಡಿದಳು.

ಐರೀನ್ ಒಲೆ ಆರಿಸಿದಳು. ಬೆತ್ತದ ಮೋಡಾ ಎಳೆದು ಕಿಟಕಿಯ ಬೆಳಕಿಗೆ ಹಾಕಿ, ಹುಡುಗಿಯನ್ನು ಕೂರಿಸಿ, ಹೆಗಲಿಗೆ ಚಾದರ ಹೊದಿಸಿದಳು. ಕತ್ತರಿ ಹಿಡಿದು ತುದಿಗಳನ್ನು ಸಮ ಮಾಡತೊಡಗಿದಳು. ಆಮೇಲೆ ರಾಮಕಲಿ ತಾನಾಗಿ ಶುರು ಮಾಡಿದಳು.

"ಬೀನಾದಲ್ಲಿ ನಮ್ ಭಾವನ ಮಗ ಆ ಸಿನಿಮಾ ನೋಡ್ದ. ಊರೆಲ್ಲಾ ಸಾರಿಬಿಟ್ಟ. ಮಗ ಇಲ್ಲಿಗೆ ಓಡ್ಬಂದು ಇವಳ ಜುಟ್ಟು ಹಿಡ್ದ. ಅದಕ್ಕೇ ಈಕೆ ಜುಟ್ಟೇ ಬ್ಯಾಡ ಅಂತ ಕತ್ತರಿಸ್ಕೊಂಡ್ಳು. ನಾನಲ್ಲಮ್ಮಾ, ನಾನಲ್ಲಮ್ಮಾ ಅಂತಾವ್ಳೆ. ನಾ ಯಾರ್ನ ನಂಬ್ಲಿ? ಒಂದು ಮಧ್ಯಾಹ್ನ ನಾನು ಒಬ್ಳೇ ಟಾಕೀಸಿಗೆ ಹೋದೆ."

ಐರೀನಳ ಕತ್ತರಿ ನಿಂತಿತು.

"ಎಲ್ಲಾ ಗಂಡಸ್ರು ಅಕ್ಕಾ. ಟಿಕೆಟ್ ಕೊಡೋನು 'ತಪ್ಪಿ ಬಂದ್ಯೇನವ್ವಾ, ಇದು ದೇವರ ಚಿತ್ರ ಅಲ್ಲ' ಅಂದ. ಗೊತ್ತಪ್ಪಾ ಕೊಡು ಅಂದೆ. ಸೆರಗು ಹೊದ್ಕೊಂಡು ಕಡೇ ಸಾಲಲ್ಲಿ ಕುಂತೆ. ಪಕ್ಕದೋನು ಎದ್ದು ದೂರ ಹೋದ. ನನ್ನ ಮಗಳ ಮುಖ ಬಂದಾಗೆಲ್ಲಾ ಸೀಟಿ ಹೊಡೀತಿದ್ರು. ಆ ಸ್ನಾನದ್ದು ಬಂತು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವ್ರೆಲ್ಲಾ ಎಲ್ಲಿ ನೋಡ್ತಿದ್ರೋ. ನಾನು ತಲೆ ನೋಡ್ದೆ. ಹದಿನೆಂಟು ವರ್ಷ ಎಣ್ಣೆ ಹಚ್ಚಿದ್ ತಲೆ ಅಲ್ವಾ. ನೋಡ್ತೀನಿ, ಬೈತಲೆ ನಡುವೆ! ಕತ್ತಲಲ್ಲಿ ಅತ್ತುಬಿಟ್ಟೆ ಅಕ್ಕಾ. ನನ್ನ ಮಗಳು ಸುಳ್ಳು ಹೇಳಿಲ್ಲ ಅಂತ."

ಯಾರ್ ನೋಡ್ತಾರೆ ಎಂದಿದ್ದ ಬನ್ಸಿ. ನೋಡುವವಳು ಒಬ್ಬಳು ಇದ್ದಳು. ಸಂತೋಷವೆನ್ನಲೂ ಆಗದ, ಅಲ್ಲವೆನ್ನಲೂ ಆಗದ ಏನೋ ಒಂದು ಎದೆಯಲ್ಲಿ ಎದ್ದಿತು. ಈಗ ಹೇಳಿಬಿಡೋಣ, ನಾನೇ ತೆಗೆದದ್ದು ಎಂದುಕೊಂಡು ಅವಳು ಬಾಯಿ ತೆರೆಯುವಷ್ಟರಲ್ಲಿ ರಾಮಕಲಿಯೇ ಮುಂದುವರಿದಳು.

"ಮಗನಿಗೆ ಹೇಳ್ದೆ. ನಡಿ ತೋರಿಸ್ತೀನಿ, ಬೈತಲೆ ನೋಡು ಅಂದೆ. 'ಅದ್ರಲ್ಲಿ ಬೈತಲೆ ಯಾರಮ್ಮಾ ನೋಡ್ತಾರೆ' ಅಂದ."

ಇಮರ್ತಿ ತಲೆ ಎತ್ತಲಿಲ್ಲ. ಕತ್ತರಿಸಿದ ಕೂದಲಿನ ಚೂರುಗಳು ಚಾದರದ ಮೇಲೆ ಬಿದ್ದಿದ್ದವು. ಅವನ್ನು ಒಂದೊಂದಾಗಿ ಹೆಕ್ಕಿ ಮುಷ್ಟಿಯಲ್ಲಿ ಕೂಡಿಡುತ್ತಿದ್ದಳು.

"ಆ ತಲೆ ಬಾಚಿದ್ದು ಯಾರ ಕೈ ಅಕ್ಕಾ?" ಎಂದು ಕೇಳಿದಳು ರಾಮಕಲಿ. ದನಿ ಏರಲಿಲ್ಲ.

"ನಂದು."

"ಬೇಕೂ ಅಂತಾನೇ ನಡುವೆ ತೆಗ್ದ್ಯಾ?"

"ಬೇಕೂ ಅಂತಾನೇ."

ರಾಮಕಲಿ ತಲೆಯಾಡಿಸಿದಳು. ಕೈ ಮುಗಿಯುತ್ತಾಳೇನೋ ಎನಿಸಿತು ಐರೀನಳಿಗೆ. ಹೊರಗೆ ಯಾರದೋ ಮನೆಯ ಕುಕ್ಕರು ಕೂಗಿತು.

"ಅಂದ್ರೆ ನಿಂಗೆ ಗೊತ್ತಿತ್ತು," ಎಂದಳು ರಾಮಕಲಿ. "ಅವತ್ತು ನನ್ನ ಲಾಡು ತಿಂದಾಗ್ಲೂ ಗೊತ್ತಿತ್ತು."

ಐರೀನಳಿಗೆ ಹೇಳಲು ಬಹಳ ಇತ್ತು: ತಾನು ಬಿಟ್ಟರೆ ಇನ್ನೊಬ್ಬಳು, ಬನ್ಸಿ ಬಿಟ್ಟರೆ ಇನ್ನೊಬ್ಬ, ನಾಲ್ಕು ಕೆಟಲ್ ಬಿಸಿನೀರು. ಒಂದಕ್ಕೂ ಈ ಮನೆಯೊಳಗೆ ತೂಕವಿರಲಿಲ್ಲ. "ಗೊತ್ತಿತ್ತು," ಎಂದಳು. "ನಿಮ್ಮ ಮಗನ ಹತ್ರ ಬಂದು ಹೇಳ್ತೀನಿ. ಈಗ್ಲೇ ಬರ್ತೀನಿ. ಆ ಹೆಂಗಸನ್ನೂ ಕರ್ಕೊಂಡು ಬರ್ತೀನಿ ಬೇಕಾದ್ರೆ."

"ಅವಳ್ಯಾಕೆ ಬರ್ತಾಳೆ ಪಾಪ. ಅವಳಿಗೂ ಮನೆ ಇರಾಕಿಲ್ವಾ." ರಾಮಕಲಿ ನಿಟ್ಟುಸಿರು ಬಿಟ್ಟಳು. "ಅವ್ನು ನಂಬೋನಾಗಿದ್ರೆ ತಾಯಿ ಮಾತು ಸಾಕಿತ್ತು ಅಕ್ಕಾ. ಬ್ಯಾಡ ಬಿಡು. ನಂಗೆ ಗೊತ್ತಾಯ್ತು, ಇವಳಿಗೆ ನಂಗೆ ಗೊತ್ತು ಅಂತ ಗೊತ್ತಾಯ್ತು. ಸಾಕು."

ಐರೀನ್ ಮತ್ತೆ ಕತ್ತರಿ ಹಿಡಿದಳು. ಕಿವಿಯ ಕೆಳಗೆ ಸುತ್ತಲೂ ಒಂದೇ ಸಮ ಮಾಡಿ, ಕುತ್ತಿಗೆಯ ಹತ್ತಿರ ಸ್ವಲ್ಪ ಏರಿಸಿ, ಎಲ್ಲೋ ಓದುವ ಹುಡುಗಿಯ ತಲೆಯಂತೆ ಕಾಣುವ ಹಾಗೆ ತಿದ್ದಿದಳು. ಕಡೆಗೆ ಬಾಚಣಿಗೆ ಒದ್ದೆ ಮಾಡಿಕೊಂಡು ಕೂದಲನ್ನೆಲ್ಲ ಹಿಂದಕ್ಕೆ ಬಾಚಿದಾಗ ಹಣೆಯ ಅಂಚಿನ ಆ ಬೋಳು ಗುರುತು ಬೆಳಕಿಗೆ ಬಂತು. ಬಾಚಣಿಗೆಯ ತುದಿ ಇಡಲು ಅವಳು ಕೈ ಎತ್ತಿದಳು.

ರಾಮಕಲಿ ಎದ್ದು ಬಂದಳು. ಕೈ ಚಾಚಿದಳು. ಐರೀನ್ ಬಾಚಣಿಗೆ ಕೊಟ್ಟಳು.

ತಾಯಿ ಮಗಳ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ, ಎಡಗಣ್ಣಿನ ನೇರದಿಂದ ಓರೆಗೆ, ಬಹಳ ನಿಧಾನವಾಗಿ ಬೈತಲೆ ತೆಗೆದಳು. ಐರೀನ್ ಹಿಂದೆ ನಿಂತು, ಹುಡುಗಿಯ ಹೆಗಲಿನಿಂದ ಜಾರುತ್ತಿದ್ದ ಚಾದರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.